ಮೊಳೆ ಕಾಣದ ಗೋಡೆ

ಜೂನ್ ೪

ಪ್ರೀತಿಯ ಅಪ್ಪನಿಗೆ,

ಇಲ್ಲಿ ನಾನು ಚೆನ್ನಾಗಿದ್ದೇನೆ, ನನ್ನ ಮೂಗೂ ಚೆನ್ನಾಗಿದೆ. ಗ್ಯಾಸ್ ತಪಾಸಣೆ ಮಾಡುವವರಿಗೆ ಮೂಗು ನೆಟ್ಟಗಿರಬೇಕು, ಮಿಕ್ಕಿದ್ದೆಲ್ಲ ಕಲಿಸಬಹುದು ಎಂದು ನಮ್ಮ ಮೇಲಧಿಕಾರಿ ಹೇಳುತ್ತಿರುತ್ತಾರೆ. ಪರೀಕ್ಷೆ ಪಾಸಾಗಿ ಕೊರಳಿಗೆ ಬಿದ್ದ ಗುರುತಿನ ಚೀಟಿಯನ್ನು ಮೊದಲ ವಾರ ಮಲಗುವಾಗಲೂ ತೆಗೆಯಲಿಲ್ಲ. ಇದನ್ನು ಅಮ್ಮನಿಗೆ ಹೇಳಬೇಡ, ಬೀದಿಗೆಲ್ಲ ಹೇಳಿ ನಗುತ್ತಾಳೆ.

ಫೋನ್ ಮಾಡಿದರೆ ನೀನು ಹ್ಞೂ, ಹ್ಞಾ ಎಂದು ಅಮ್ಮನ ಕೈಗೆ ದಾಟಿಸಿಬಿಡುತ್ತೀಯ. ಅದಕ್ಕೇ ಪತ್ರ ಬರೆಯುತ್ತಿದ್ದೇನೆ. ಪತ್ರಕ್ಕಾದರೆ ಉತ್ತರ ಕೊಡಲೇಬೇಕು.

ಮೊನ್ನೆ ಒಂದು ಹಳೇ ಮನೆಗೆ ಓಡಬೇಕಾಯಿತು. ಹೊಸದಾಗಿ ಬಂದ ಗಂಡ ಹೆಂಡತಿ. ಗಂಡ ಮದುವೆಯ ಫೋಟೋ ತೂಗುಹಾಕಲು ಅಡುಗೆಮನೆಯ ಪಕ್ಕದ ಗೋಡೆಗೆ ಮೊಳೆ ಹೊಡೆದಿದ್ದಾನೆ, ಗೋಡೆ ಬುಸ್ ಎಂದಿದೆ. ನಾವು ಹೋದಾಗ ಆತ ಇನ್ನೂ ಗೋಡೆಯ ಮುಂದೆಯೇ ಸುತ್ತಿಗೆ ಹಿಡಿದು ನಿಂತಿದ್ದ. ನಮ್ಮನ್ನು ಕಂಡ ಗಡಿಬಿಡಿಯಲ್ಲಿ ದೀಪ ಹಾಕಲು ಕೈ ಚಾಚಿದ. ನಾನು ಕಿರುಚಿದ್ದು ನನಗೇ ಆಶ್ಚರ್ಯ: "ಸ್ವಿಚ್ ಮುಟ್ಬೇಡಿ! ಹಾಗೇ ಆಚೆ ನಡೀರಿ!" ಆ ದನಿ ನನ್ನದಲ್ಲ ಅಪ್ಪ, ಹಸಿ ಗಾರೆಯ ಮೇಲೆ ಯಾರಾದರೂ ಕೈ ಇಟ್ಟಾಗ ನೀನು ಹಾಕುವ ದನಿ. ಹೊರಗೆ ಮೀಟರಿನ ಪಕ್ಕದ ವಾಲ್ವ್ ತಿರುಗಿಸಿ ಗ್ಯಾಸ್ ನಿಲ್ಲಿಸಿದೆ. ಕಿಟಕಿಗಳೆಲ್ಲ ತೆರೆದೆವು. ಯಾರಿಗೂ ಏನೂ ಆಗಲಿಲ್ಲ.

ಆಮೇಲೆ ಗೋಡೆ ಒಡೆದು ನೋಡಿದರೆ ಪೈಪು ಈ ಮೂಲೆಯಿಂದ ಆ ಮೂಲೆಗೆ ಓರೆಯಾಗಿ ಓಡಿತ್ತು. ಗೋಡೆಯೊಳಗಿನ ಪೈಪು ಒಲೆಯ ನಲ್ಲಿಯಿಂದ ನೆಟ್ಟಗೆ ಮೇಲಕ್ಕೋ ನೆಟ್ಟಗೆ ಪಕ್ಕಕ್ಕೋ ಹೋಗಬೇಕು ಎಂಬುದು ನಮಗೆ ಮೊದಲು ಕಲಿಸುವ ನಿಯಮ. ಆಗ ಮುಂದೆ ಬರುವವನು ಎಲ್ಲಿ ಮೊಳೆ ಹೊಡೆಯಬಾರದು ಎಂದು ಊಹಿಸಬಹುದು. ಯಾವನೋ ಸೋಮಾರಿ ಎಂದೋ ಒಂದು ಮೊಳ ಪೈಪು ಉಳಿಸಿಕೊಂಡು ಮನೆಗೆ ಹೋಗಿದ್ದ.

ಅಲ್ಲಿಂದ ಬಂದಾಗಿನಿಂದ ನನ್ನ ತಲೆಯಲ್ಲಿ ನಮ್ಮ ಅಡುಗೆಮನೆಯ ಗೋಡೆಯೇ ಕೂತಿದೆ. ಅದರೊಳಗೂ ಪೈಪಿದೆ. ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಪ್ಪ?

ನಿನ್ನ,
ಚೂಟಿ


ಜೂನ್ ೧೩

ಚೂಟಿಗೆ ಅಪ್ಪನ ಆಶೀರ್ವಾದ.

ನಿನ್ನ ಪತ್ರವನ್ನು ಮೊದಲು ನಾನು ಓದಿದೆ, ಆಮೇಲೆ ನಿಮ್ಮಮ್ಮ ಓದಿದಳು, ಆಮೇಲೆ ಪಕ್ಕದ ಮನೆಯ ದರ್ಜಿಯ ಹೆಂಡತಿ ಓದಿದಳು, ಈಗ ಅದು ಮೂಲೆಮನೆಯ ಬ್ಯಾಂಡ್ ಮಾಸ್ತರ ಹತ್ತಿರ ಇದೆ. ಕೊರಳಿನ ಚೀಟಿಯ ವಿಷಯ ಎಲ್ಲರಿಗೂ ಗೊತ್ತಾಯಿತು. ನನ್ನನ್ನು ಬೈಯಬೇಡ. ಮಗಳು ಒಂದು ಮನೆ ಉಳಿಸಿದಳು ಎಂದರೆ ಅಪ್ಪ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಾನೆಯೇ? ಕೆಲಸದ ಕಡೆ ಮರಳು ಜರಡಿ ಹಿಡಿಯುವವರಿಗೂ ಹೇಳಿದ್ದೇನೆ.

ಇನ್ನು ನಮ್ಮ ಗೋಡೆಯ ವಿಷಯ. ಪೈಪು ಹಾಕಿದವನು ನಾನಲ್ಲ. ನಾವು ಈ ಮನೆಗೆ ಬರುವ ಮೊದಲೇ ಈ ಸಾಲಿನ ಎಲ್ಲ ಮನೆಗೂ ಒಬ್ಬನೇ ಫಿಟ್ಟರ್ ಪೈಪು ಎಳೆದು ಹೋಗಿದ್ದ. ನಾನು ಹಳೇ ಗಾರೆ ಕೆರೆದು ಹೊಸದು ಬಳಿದೆ, ಅಷ್ಟೇ. ಬಳಿದೆ ಎಂದರೆ ಸಾಲದು. ನೀನು ಹುಟ್ಟಿದ ವರ್ಷ ಅದು. ನಿಮ್ಮಮ್ಮ ನಿನ್ನನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಮನೆಗೆ ಲಕ್ಷಣವಾದ ಗೋಡೆಯೊಂದು ಇರಲಿ ಎಂದು ಕರಣೆ ಹಿಡಿದವನು ಗೋಡೆ ಮುಗಿಯುವ ತನಕ ಕೆಳಗಿಡಲಿಲ್ಲ. ಊರಿನ ಗಾರೆಯವರೆಲ್ಲ ಬಂದು ನೋಡಿದರು. ದೀಪವನ್ನು ಗೋಡೆಗೆ ಒತ್ತಿ ಹಿಡಿದು ಪಕ್ಕದಿಂದ ನೋಡುವುದು ನಮ್ಮ ಕಸುಬಿನ ಪರೀಕ್ಷೆ. ಸಾಸಿವೆಯಷ್ಟು ಉಬ್ಬಿದ್ದರೂ ನೆರಳು ಬೀಳುತ್ತದೆ. ಆವತ್ತೂ ನಮ್ಮ ಗೋಡೆಯ ಮೇಲೆ ನೆರಳು ಬೀಳಲಿಲ್ಲ, ಇವತ್ತಿಗೂ ಬೀಳುವುದಿಲ್ಲ.

ಮೊಳೆಯ ಭಯ ನಿನಗೆ ಬೇಡ. ಆ ಗೋಡೆ ಇಂದಿಗೂ ಮೊಳೆ ಕಂಡಿಲ್ಲ, ನಾನಿರುವ ತನಕ ಕಾಣುವುದೂ ಇಲ್ಲ. ನೀನು ಗೋಡೆ ಒಡೆದು ಸಂಬಳ ಎಣಿಸುವವಳು, ನಾನು ಗೋಡೆ ಮುಚ್ಚಿ ನಿನ್ನನ್ನು ಓದಿಸಿದವನು. ನಮ್ಮಿಬ್ಬರ ಜಗಳ ಆ ಗೋಡೆಯ ಹತ್ತಿರ ಬರದಿರಲಿ.

ಇಂತಿ,
ನಿನ್ನ ಅಪ್ಪ

(ಅಮ್ಮ ಸೇರಿಸಿದ್ದು: ಒಂದು ಕ್ಯಾಲೆಂಡರ್ ತೂಗುಹಾಕಲೂ ಬಿಟ್ಟಿಲ್ಲ ಕಣೇ. ನೀನು ಹುಟ್ಟಿದಾಗಿನಿಂದ ಕ್ಯಾಲೆಂಡರನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಇಟ್ಟಿದ್ದೇನೆ.)


ಜೂನ್ ೨೦

ಅಪ್ಪಾ,

ನಿನ್ನ ಗೋಡೆಯ ಮೇಲೆ ನನಗೇನೂ ಹಗೆಯಿಲ್ಲ. ಶಾಲೆಯಿಂದ ಗೆಳತಿಯರನ್ನು ಕರೆತಂದು ಅದಕ್ಕೆ ಕೆನ್ನೆ ಒತ್ತಿ "ನೋಡ್ರೇ, ಎಷ್ಟು ತಣ್ಣಗಿದೆ" ಎಂದು ಮೆರೆದವಳು ನಾನೇ. ಆದರೆ ಪೈಪಿಗೆ ಮೊಳೆಯೊಂದೇ ಶತ್ರುವಲ್ಲ. ಹಳೇ ಕಾಲದವರು ಬರೀ ಕಬ್ಬಿಣದ ಪೈಪನ್ನು, ಮೇಲೆ ಒಂದು ಪಟ್ಟಿಯನ್ನೂ ಸುತ್ತದೆ, ಹಾಗೇ ಗೋಡೆಯಲ್ಲಿ ಹೂತುಬಿಡುತ್ತಿದ್ದರು. ಸಿಮೆಂಟು ಮತ್ತು ತೇವ ಸೇರಿ ಅದನ್ನು ಒಳಗಿಂದೊಳಗೆ ತಿನ್ನುತ್ತವೆ. ಅದರ ಜೊತೆಗೆ ಗೋಡೆಯೊಳಗೆ ಎಲ್ಲಾದರೂ ಜೋಡಣೆ ಇದ್ದರೆ ಕೇಳುವುದೇ ಬೇಡ. ಗೋಡೆ ಹೊರಗಿನಿಂದ ಮದುವಣಗಿತ್ತಿಯ ಹಾಗೆ ಇರುತ್ತದೆ, ಒಳಗೆ ಪೈಪು ಜರಡಿಯಾಗಿರುತ್ತದೆ.

ನಾನೇ ಬಂದು ನೋಡಬಹುದಿತ್ತು, ಆದರೆ ಸ್ವಂತದವರ ಮನೆಯನ್ನು ನಾವು ಪಾಸು ಮಾಡುವಂತಿಲ್ಲ. ಅಲ್ಲಿಯ ಲೈಸೆನ್ಸ್ ಇರುವ ಫಿಟ್ಟರನ್ನು ಕರೆಸು. ಪೈಪಿನ ಎರಡೂ ತುದಿ ಮುಚ್ಚಿ, ಗಾಳಿ ತುಂಬಿ, ಒತ್ತಡದ ಗೇಜು ಇಟ್ಟು ಕಾಯುತ್ತಾನೆ. ಮುಳ್ಳು ನಿಂತಲ್ಲೇ ನಿಂತರೆ ನಾನು ತೆಪ್ಪಗಾಗುತ್ತೇನೆ. ನಿನ್ನ ಗೋಡೆಯನ್ನು ಆತ ಬೆರಳಿನಿಂದಲೂ ಮುಟ್ಟಬೇಕಾಗಿಲ್ಲ.

ನನಗೆ ಭಯ ಅಪ್ಪ. ಅಮ್ಮ ಬೆಳಿಗ್ಗೆ ಎದ್ದ ಕೂಡಲೇ ಆ ಗೋಡೆಯ ಮುಂದೆಯೇ ಬೆಂಕಿಕಡ್ಡಿ ಗೀರುವುದು. ಇಷ್ಟು ಹೇಳಿದ ಮೇಲೂ ಕರೆಸದಿದ್ದರೆ ನಿನ್ನ ಹತ್ತಿರ ಮಾತು ಬಿಡುತ್ತೇನೆ.

ನಿನ್ನ,
ಚೂಟಿ


ಜುಲೈ ೧೮

ಚೂಟಿಗೆ,

ನಿಮ್ಮಪ್ಪ ಬರೆಯುವ ಸ್ಥಿತಿಯಲ್ಲಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ. ಗಾಬರಿಯಾಗಬೇಡ, ಮೈಗೆ ಏನೂ ಆಗಿಲ್ಲ. ಮುಖ ಊದಿಸಿಕೊಂಡಿದ್ದಾರೆ, ಅಷ್ಟೇ.

ಫಿಟ್ಟರ್ ಬಂದಿದ್ದ. ನೀನು ಬರೆದ ಹಾಗೇ ಗಾಳಿ ತುಂಬಿ ಗೇಜು ಇಟ್ಟ. ನಿಮ್ಮಪ್ಪ ಅವನ ಎದುರು ಕುರ್ಚಿ ಹಾಕಿಕೊಂಡು ಕೂತರು, ಪಂದ್ಯ ನೋಡುವವರ ಹಾಗೆ. ಮುಳ್ಳು ಮೊದಲು ಅಲುಗಲಿಲ್ಲ. "ನೋಡಿದ್ಯಾ?" ಅಂದರು ನನಗೆ. ನಾನು ಟೀ ಸೋಸಿಕೊಂಡು ತರುವಷ್ಟರಲ್ಲಿ ಮುಳ್ಳು ಇಳಿದಿತ್ತು. ಇನ್ನೊಂದು ಸಲ ಮಾಡಿಸಿದರು, ಮತ್ತೆ ಇಳಿಯಿತು. ಫಿಟ್ಟರ್ ಒಳ್ಳೆಯವನು, ಗೋಡೆ ನೋಡಿ ಅವನಿಗೂ ಸಂಕಟವಾಯಿತು. "ಇಂಥ ಗೋಡೆಗೆ ಉಳಿ ಹಾಕೋಕೆ ನನ್ನ ಕೈಲಾಗಲ್ಲ ಯಜಮಾನ್ರೇ. ಹಳೇ ಪೈಪನ್ನ ಎರಡೂ ಕಡೆ ಕತ್ತರಿಸಿ, ಮುಚ್ಚಿ, ಸತ್ತ ಪೈಪು ಅಂತ ಒಳಗೇ ಬಿಟ್ಬಿಡೋಣ. ಹೊಸದನ್ನ ಗೋಡೆ ಮೇಲೆ ಕಾಣೋ ಹಾಗೆ ಎಳೀತೀನಿ" ಅಂದ.

ಗೋಡೆ ಉಳಿಯಿತು ಎಂದು ಸಂತೋಷಪಡುವುದೋ, ಅದರ ಮೇಲೆ ಪೈಪು ಹರಿದಾಡುತ್ತದೆ ಎಂದು ಅಳುವುದೋ ಅವರಿಗೆ ತಿಳಿಯುತ್ತಿಲ್ಲ. ಸಂಜೆ ಕೆಲಸದಿಂದ ಬಂದವರು ದೀಪ ಹಿಡಿದು ಗೋಡೆಯ ಮುಂದೆ ನಿಲ್ಲುತ್ತಾರೆ. ನಾನು ಕರೆಂಟ್ ಒಲೆಯ ಮೇಲೆ ನೀರು ಕಾಯಿಸಿಕೊಂಡಿದ್ದೇನೆ.

ಒಂದು ಮಾತು. ಮುಳ್ಳು ಇಳಿದ ದಿನ ದರ್ಜಿಯ ಹೆಂಡತಿ ಬಂದು ಏನಾಯಿತೆಂದು ಕೇಳಿದಳು. ನಿಮ್ಮಪ್ಪ, "ನನ್ನ ಮಗಳು ಕೂತಲ್ಲಿಂದಲೇ ಹೇಳಿದ್ಲು, ಹಾಗೇ ಆಯ್ತು" ಅಂದರು. ಆಮೇಲೆ ಹಿತ್ತಲಿಗೆ ಹೋಗಿ ಸುಮ್ಮನೆ ಕರಣೆ ತೊಳೆದರು. ಆವತ್ತು ಕೆಲಸಕ್ಕೇ ಹೋಗಿರಲಿಲ್ಲ.

ಅಮ್ಮ


ಆಗಸ್ಟ್ ೨೫

ಚೂಟಿಗೆ ಅಪ್ಪನ ಆಶೀರ್ವಾದ.

ಹೊಸ ಪೈಪು ಬಂದು ವಾರಗಳಾದವು. ಹಳದಿ ಬಣ್ಣ, ಗೇಣು ಗೇಣಿಗೆ ಕ್ಲಿಪ್ಪು. ಮೀಟರಿನಿಂದ ಒಳಗೆ ಬರುವಲ್ಲಿ ಗೋಡೆಯ ತೂತಿಗೆ ಒಂದು ಕೊಳವೆ ಇಟ್ಟು, ಅದರೊಳಗಿಂದ ಪೈಪನ್ನು ದಾಟಿಸಿದ್ದಾರೆ. ಒಲೆಯ ಪಕ್ಕ ಕೈಗೆ ಸಿಗುವ ಹಾಗೆ ಇನ್ನೊಂದು ವಾಲ್ವ್. ನಿಮ್ಮ ಆಫೀಸಿನ ಮೀಸೆಯವರೊಬ್ಬರು ಬಂದು ಗೇಜು ಇಟ್ಟು ನೋಡಿದರು. ಮುಳ್ಳು ನನ್ನ ಹಾಗೆ ಹಟಮಾರಿ, ಅಲುಗಲೇ ಇಲ್ಲ. ಪಾಸು ಮಾಡಿ ಹೋದರು.

ನಿನ್ನ ಮಾತೇ ಗೆದ್ದಿತು. ನಿನ್ನೆದುರು ಸೋಲುವುದಕ್ಕೆ ನನಗೆ ನಾಚಿಕೆಯಿಲ್ಲ, ಆದರೆ ಪೂರ್ತಿ ಸೋತಿದ್ದೇನೆ ಎಂದುಕೊಳ್ಳಬೇಡ. ಮುಂದಿನ ತಿಂಗಳು ಬರುತ್ತೇನೆ ಎಂದಿದ್ದೀಯಲ್ಲ, ಬಾ. ನೀನು ಬರುವುದರೊಳಗೆ ಅಡುಗೆಮನೆಯಲ್ಲಿ ಒಂದು ಕೆಲಸ ಮುಗಿಸುತ್ತಿದ್ದೇನೆ. ಈ ವಯಸ್ಸಿನಲ್ಲಿ ಕೈ ಇನ್ನೂ ಹೀಗೆ ಓಡುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಏನು ಎಂದು ಕೇಳಬೇಡ. ನಿಮ್ಮಮ್ಮನ ಬಾಯಿಯನ್ನೂ ಮುಚ್ಚಿಸಿದ್ದೇನೆ, ಅದಕ್ಕೆ ಪಟ್ಟ ಪಾಡು ಬೇರೆ.

ಇಂತಿ,
ನಿನ್ನ ಅಪ್ಪ


ಸೆಪ್ಟೆಂಬರ್ ೧೬

ಅಪ್ಪಾ,

ಬಸ್ಸಿನಲ್ಲೇ ಬರೆಯಲು ಶುರು ಮಾಡಿದ್ದೆ, ಅಕ್ಷರ ಕುಣಿಯಿತು, ಹರಿದುಹಾಕಿದೆ. ಈಗ ನನ್ನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ.

ನೀನು ಎಲ್ಲರನ್ನೂ ಕರೆದಿದ್ದೆ. ಬ್ಯಾಂಡ್ ಮಾಸ್ತರು, ದರ್ಜಿ, ಅವನ ಹೆಂಡತಿ. ಅಡುಗೆಮನೆಯ ದೀಪ ಆರಿಸಿ ಕೈದೀಪವನ್ನು ಗೋಡೆಗೆ ಒತ್ತಿ ಹಿಡಿದು, "ಎಲ್ಲಿದೆ ನಿನ್ನ ಹಳದಿ ಪೈಪು? ಹುಡುಕು ನೋಡೋಣ" ಎಂದೆ. ನಿಜವಾಗಿ ಸಿಗಲಿಲ್ಲ ಅಪ್ಪ. ಗೋಡೆಯೇ ಮೂಲೆಯಲ್ಲಿ ಮೆಲ್ಲಗೆ ಹೊರಳಿ ಒಂದು ಕಂಬವಾದ ಹಾಗಿತ್ತು. ಎಲ್ಲಿ ಗೋಡೆ ಮುಗಿಯಿತು, ಎಲ್ಲಿ ಕಂಬ ಶುರುವಾಯಿತು ಎಂದು ನನ್ನ ಬೆರಳಿಗೂ ತಿಳಿಯಲಿಲ್ಲ. ಅಷ್ಟು ಚಂದದ ಕೆಲಸವನ್ನು ನೀನೂ ಮೊದಲು ಮಾಡಿರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟುವವಳಿದ್ದೆ. ಅಷ್ಟರಲ್ಲಿ ಬೆರಳ ಗೆಣ್ಣಿನಿಂದ ಕುಟ್ಟಿದೆ, ಒಳಗೆ ಟೊಳ್ಳು. ಪೈಪು ಅದರೊಳಗಿತ್ತು.

"ಗಾಳಿಗೆ ಎಲ್ಲಿ ದಾರಿ ಬಿಟ್ಟಿದ್ದೀಯ ಅಪ್ಪ?" ಎಂದು ಕೇಳಿದೆ. "ಗಾಳಿನಾ? ಒಂದು ಇರುವೆನೂ ನುಸುಳಲ್ಲ!" ಎಂದು ನೀನು ಎದೆ ತಟ್ಟಿಕೊಂಡೆ.

ಆಮೇಲೆ ನಾನು ಮಾಡಿದ್ದು ನಿನಗೆ ಗೊತ್ತು. ಹೊರಗೆ ಹೋಗಿ ಮೀಟರಿನ ವಾಲ್ವ್ ಮುಚ್ಚಿ, ಚೀಲದಿಂದ ಕೆಂಪು ಪಟ್ಟಿ ತೆಗೆದು, 'ಅಪಾಯ, ತೆರೆಯಬಾರದು' ಎಂಬ ಅಚ್ಚಿನ ಕೆಳಗೆ ನನ್ನ ಸಹಿ ಹಾಕಿ ಕಟ್ಟಿದೆ. ಬೀದಿಯವರೆಲ್ಲ ಜಗುಲಿಯಿಂದ ನೋಡುತ್ತಿದ್ದರು. ಸ್ವಂತದವರ ಮನೆಯನ್ನು ನಾನು ಪಾಸು ಮಾಡುವಂತಿಲ್ಲ, ಆದರೆ ಅಪಾಯ ಕಂಡ ಮೇಲೆ ಮುಚ್ಚದೆ ಬರುವಂತೆಯೂ ಇಲ್ಲ. ನೀನು ಬೈಯಲಿಲ್ಲ. "ನಿನ್ನ ಬಸ್ಸು ಎಷ್ಟೊತ್ತಿಗೆ?" ಎಂದು ಕೇಳಿದೆ. ಬೈದಿದ್ದರೆ ಚೆನ್ನಾಗಿತ್ತು.

ಆವತ್ತು ಹೇಳಲಾಗದ್ದನ್ನು ಈಗ ಹೇಳುತ್ತೇನೆ. ಪೈಪು ಕಣ್ಣೆದುರು ಇದ್ದರೆ, ಎಂದಾದರೂ ಒಂದು ಜೋಡಣೆ ಸಡಿಲವಾದರೆ, ವಾಸನೆ ಅಮ್ಮನ ಮೂಗಿಗೆ ಬರುತ್ತದೆ. ಅವಳು ಒಲೆ ಹಚ್ಚುವುದಿಲ್ಲ, ಕಿಟಕಿ ತೆರೆಯುತ್ತಾಳೆ, ಹೊರಗೆ ಬಂದು ವಾಲ್ವ್ ಮುಚ್ಚುತ್ತಾಳೆ. ಗಾಳಿಯಾಡದ ಪೆಟ್ಟಿಗೆಯೊಳಗಾದರೆ ಗ್ಯಾಸ್ ಸದ್ದಿಲ್ಲದೆ ತುಂಬಿಕೊಳ್ಳುತ್ತದೆ. ಯಾರ ಮೂಗಿಗೂ ಸಿಗುವುದಿಲ್ಲ. ಆಮೇಲೆ ಒಂದು ಕಿಡಿ ಸಾಕು. ಅದರ ಮೇಲೆ ಒಲೆಯ ಪಕ್ಕದ ವಾಲ್ವನ್ನೂ ನೀನು ಒಳಗೆ ಹಾಕಿ ಮುಚ್ಚಿದ್ದೀಯ. ನೀನು ಕೆಟ್ಟ ಕೆಲಸಗಾರನಾಗಿದ್ದರೆ ನನಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ ಅಪ್ಪ. ಅಂಥವರ ಗಾರೆಯಲ್ಲಾದರೆ ಎಲ್ಲಾದರೂ ಬಿರುಕು ಬಿಟ್ಟು ಒಂದಿಷ್ಟು ವಾಸನೆಯಾದರೂ ಆಚೆ ಬರುತ್ತಿತ್ತು. ನಿನ್ನ ಗಾರೆಯಲ್ಲಿ ಅದೂ ಬರುವುದಿಲ್ಲ.

ಒಡೆದುಹಾಕು ಎಂದು ನಾನು ಹೇಳುತ್ತಿಲ್ಲ. ಮೇಲೆ ಕೆಳಗೆ ಗಾಳಿಗೆ ದಾರಿ ಬಿಡು, ವಾಲ್ವ್ ಕೈಗೆ ಸಿಗಲಿ. ಅಷ್ಟೇ ನಿಯಮ.

ನಿನ್ನ,
ಚೂಟಿ


ಅಕ್ಟೋಬರ್ ೯

ಅಪ್ಪಾ,

ಉತ್ತರ ಬರಲಿಲ್ಲ. ಫೋನ್ ಮಾಡಿದರೆ ಅಮ್ಮ "ಕೆಲಸಕ್ಕೆ ಹೋಗಿದ್ದಾರೆ" ಎನ್ನುತ್ತಾಳೆ, ಭಾನುವಾರವೂ.

ನಿನ್ನೆ ಆಫೀಸಿನಲ್ಲಿ ನನ್ನ ಕೆಲಸ ಕಾಯಂ ಮಾಡಿದರು. ಕೇಳಿದ ತಕ್ಷಣ ನಿನಗೆ ಹೇಳಬೇಕು ಅನ್ನಿಸಿತು. ನೀನು ಇನ್ನು ಬೀದಿಯಲ್ಲಿ ನನ್ನ ವಿಷಯ ಹೇಳುವುದಿಲ್ಲವೇನೋ ಎಂದೂ ಅನ್ನಿಸಿತು.

ಚೂಟಿ


ನವೆಂಬರ್ ೨

ಚೂಟಿ ಮರಿಗೆ ಅಪ್ಪನ ಆಶೀರ್ವಾದ.

ಸಿಟ್ಟು ಬಂದಿತ್ತು. ಸುಳ್ಳು ಯಾಕೆ ಹೇಳಲಿ, ಕೆಂಡದಂಥ ಸಿಟ್ಟು. ಇಡೀ ಬೀದಿಯ ಮುಂದೆ, ಹೆತ್ತ ಮಗಳು, ನನ್ನ ಕೈಯ ಅತಿ ಚಂದದ ಕೆಲಸಕ್ಕೆ ಕೆಂಪು ಪಟ್ಟಿ ಕಟ್ಟಿ ಬಸ್ಸು ಹತ್ತಿದಳಲ್ಲ ಎಂದು. ನಿಮ್ಮಮ್ಮನ ಹತ್ತಿರ, "ನಾನು ಓದಿಸಿದ್ದು ಇದಕ್ಕೇನಾ?" ಎಂದೆ. ಅವಳು ಕರೆಂಟ್ ಒಲೆಯಿಂದ ತಲೆ ಎತ್ತದೆ, "ಮತ್ತೆ ಇನ್ಯಾತಕ್ಕೆ?" ಎಂದಳು.

ಪತ್ರದಲ್ಲಿ ನೀನು ಬರೆದಿದ್ದ ಆ ಒಂದು ಮಾತು, ಕೆಟ್ಟ ಕೆಲಸಗಾರನಾಗಿದ್ದರೆ ಎಂಬುದು, ಬೈಗುಳವೋ ಹೊಗಳಿಕೆಯೋ ನನಗೆ ಬಹಳ ದಿನ ತಿಳಿಯಲಿಲ್ಲ. ಕೆಲಸದಲ್ಲಿ ಕೂಡ ಅದೇ ತಲೆಯಲ್ಲಿ ಗಿರಗಿರ ತಿರುಗುತ್ತಿತ್ತು.

ಅಷ್ಟರಲ್ಲಿ ಬ್ಯಾಂಡ್ ಮಾಸ್ತರು ಬಂದರು. ನಮ್ಮ ಮನೆಯ ಮುಳ್ಳು ಇಳಿದಿದ್ದು ಕೇಳಿ ಅವರೂ ಪೈಪು ಪರೀಕ್ಷೆ ಮಾಡಿಸಿದ್ದರು, ಅವರದ್ದೂ ಇಳಿದಿತ್ತು, ಗೋಡೆಯ ಮೇಲೆ ಹೊಸ ಪೈಪು ಬಂದಿತ್ತು. "ಕೆಂಪು ಪಟ್ಟಿ ಗಿಟ್ಟಿ ಎಲ್ಲ ನಿಮ್ಮ ಮನೆ ಜಗಳ ಕಣಯ್ಯ. ನನಗೂ ಅಂಥದೇ ಕಂಬ ಕಟ್ಟಿಕೊಡು, ಒಂಚೂರು ಕಾಣಬಾರದು" ಎಂದರು. ಒಪ್ಪಿಕೊಂಡೆ! ಸಿಟ್ಟಿನಲ್ಲಿ ಒಪ್ಪಿಕೊಂಡೆ. ಗಾರೆ ಕಲೆಸಿ, ತಳದಿಂದ ಶುರು ಮಾಡಿ, ಒಂದು ಕೈ ಬಳಿದೆ. ಆಗ ಅವರ ಮೊಮ್ಮಗಳು, ಇನ್ನೂ ಮಾತು ಬಾರದ ಕೂಸು, ತೆವಳಿಕೊಂಡು ಬಂದು ಆ ಗೋಡೆಗೆ ಕೆನ್ನೆ ಒತ್ತಿ ನಿಂತಿತು. ನೀನು ನಿಲ್ಲುತ್ತಿದ್ದೆಯಲ್ಲ, ಹಾಗೇ.

ಕರಣೆ ಕೆಳಗಿಟ್ಟೆ. ನನ್ನ ಗಾರೆ ಎಷ್ಟು ಗಟ್ಟಿ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೀನು ಹೇಳಿದ್ದು ಹೊಗಳಿಕೆಯೇ, ಅದಕ್ಕೇ ಅದು ಅಷ್ಟು ಹೆದರಿಸುವಂಥದ್ದು. ಮಾಸ್ತರಿಗೆ ಹೇಳಿದೆ: "ಗಾಳಿ ಬಿಡದೆ ನಾನು ಕಟ್ಟಲ್ಲ. ಕಟ್ಟೋದಾದ್ರೆ ನನ್ನ ಮಗಳ ನಿಯಮದ ಹಾಗೆ ಕಟ್ತೀನಿ, ಇಲ್ಲದಿದ್ರೆ ಬೇರೆಯವರನ್ನ ಕರೆಸಿ. ಅವರನ್ನೂ ನಾನು ಕಟ್ಟೋಕೆ ಬಿಡಲ್ಲ." ಅವರು ನಕ್ಕುಬಿಟ್ಟರು. ಬಳಿದಿದ್ದನ್ನು ಒಣಗುವ ಮೊದಲೇ ಕೆರೆದು ತೆಗೆದೆ.

ಮನೆಗೆ ಬಂದು ನಮ್ಮ ಕಂಬಕ್ಕೆ ನಾನೇ ಉಳಿ ಇಟ್ಟೆ. ಮೊದಲ ಏಟಿಗೆ ನಿಮ್ಮಮ್ಮ ಕಣ್ಣು ಮುಚ್ಚಿಕೊಂಡಳು, ನಾನು ಮುಚ್ಚಿಕೊಳ್ಳುವ ಹಾಗಿರಲಿಲ್ಲ. ಮೇಲೊಂದು, ಕೆಳಗೊಂದು ಕಿಂಡಿ ತೆಗೆದೆ. ಬರೀ ತೂತು ಬಿಡುವವನು ನಾನಲ್ಲ, ಗಾರೆಯಲ್ಲೇ ಎಲೆಬಳ್ಳಿಯ ಜಾಲರಿ ಅಚ್ಚು ಹಾಕಿ ಕೂರಿಸಿದೆ. ವಾಲ್ವಿನ ಎದುರು ಪುಟ್ಟ ಬಾಗಿಲು, ಬೆರಳು ತಾಕಿಸಿದರೆ ತೆರೆಯುತ್ತದೆ. ಒಳಗೆ ಹಳದಿ ಪೈಪು ಕಾಣುತ್ತದೆ, ಕಾಣಲಿ.

ನಿನ್ನ ಆಫೀಸಿನ ಮೀಸೆಯವರು ಮೊನ್ನೆ ಬಂದರು. ಕಿಂಡಿಗೆ ಗ್ಯಾಸ್ ಪತ್ತೆ ಮಾಡುವ ಯಂತ್ರ ಹಿಡಿದರು, ಗೇಜು ಇಟ್ಟರು, ಬಾಗಿಲು ಹತ್ತು ಸಲ ತೆರೆದು ಹಾಕಿದರು, ಆಟವಾಡುವವರ ಹಾಗೆ. ಪಾಸು. ಕೆಂಪು ಪಟ್ಟಿ ಬಿಚ್ಚುತ್ತಾ, "ಸ್ವಂತ ಅಪ್ಪನ ಮನೆಗೆ ಇದನ್ನು ಕಟ್ಟೋಕೆ ಗುಂಡಿಗೆ ಬೇಕು ಯಜಮಾನ್ರೇ. ನಮ್ಮಲ್ಲಿ ಎಷ್ಟೋ ಜನ ಸುಮ್ಮನೆ ಬಂದುಬಿಡ್ತಿದ್ರು" ಎಂದರು. ನಾನು, "ಅವಳು ಯಾರ ಮಗಳು?" ಎಂದೆ. ಅವರು ಆ ಪಟ್ಟಿ ಇನ್ನು ಕೆಲಸಕ್ಕೆ ಬಾರದು ಎಂದು ಬಿಸಾಡಲು ಹೋದರು, ನಾನು ಕೈ ಹಿಡಿದು ಕೇಳಿ ಇಸಿದುಕೊಂಡೆ.

ಕೆಲಸ ಕಾಯಂ ಆಗಿದ್ದು ಬೀದಿಗೆಲ್ಲ ಗೊತ್ತು. ಹೇಳುವುದಿಲ್ಲವೇನೋ ಎಂದು ಅನುಮಾನ ಪಡುತ್ತೀಯಾ? ಮುಖ ತಪ್ಪಿಸಿಕೊಂಡು ಓಡಾಡುತ್ತಿದ್ದ ದಿನಗಳಲ್ಲೂ ಮರಳು ಜರಡಿ ಹಿಡಿಯುವವರಿಗೆ ಹೇಳುತ್ತಲೇ ಇದ್ದೆ. ಈಗ ಈ ಸಾಲಿನ ಎಲ್ಲ ಮನೆಯವರೂ ಪೈಪು ಪರೀಕ್ಷೆ ಮಾಡಿಸುತ್ತಿದ್ದಾರೆ. ದರ್ಜಿಯ ಮನೆಯದೊಂದೇ ಮುಳ್ಳು ಇಳಿಯದೆ ನಿಂತಿದೆ, ಅವನ ಹೆಂಡತಿಯ ಜಂಬ ನೋಡಬೇಕು.

ನಿನ್ನೆ ಫಿಟ್ಟರನ್ನು ಕರೆದು, ಗೋಡೆಯೊಳಗಿನ ಹಳೇ ಪೈಪು ಪೂರ್ತಿ ಸತ್ತಿದೆ ತಾನೇ ಎಂದು ಖಾತ್ರಿ ಮಾಡಿಕೊಂಡೆ. ಆಮೇಲೆ ದೊಡ್ಡ ಗೋಡೆಯ ನಟ್ಟನಡುವೆ, ಬಾಗಿಲಿಂದ ಕಾಲಿಟ್ಟವರ ಕಣ್ಣಿಗೆ ಮೊದಲು ಬೀಳುವ ಕಡೆ, ನನ್ನ ಕೈಯಾರೆ ಒಂದು ಮೊಳೆ ಹೊಡೆದೆ. ನಿನ್ನ ಕೆಂಪು ಪಟ್ಟಿಯನ್ನು ಸಹಿ ಕಾಣುವ ಹಾಗೆ ಅದಕ್ಕೆ ತೂಗುಹಾಕಿದೆ. ನಿಮ್ಮಮ್ಮ ಕ್ಯಾಲೆಂಡರ್ ಎತ್ತಿಕೊಂಡು ಬಂದು ಪಕ್ಕದಲ್ಲಿ ನಿಂತಿದ್ದಾಳೆ, ಎರಡನೇ ಮೊಳೆಗೆ. ಯೋಚಿಸುತ್ತೇನೆ ಎಂದಿದ್ದೇನೆ.

ಸಂಜೆ ಮಾಸ್ತರು ಬಂದಾಗ ಎಂದಿನ ಹಾಗೆ ದೀಪವನ್ನು ಗೋಡೆಗೆ ಒತ್ತಿ ಹಿಡಿದು ತೋರಿಸಿದೆ. ಇಷ್ಟು ವರ್ಷ ನೆರಳೇ ಇಲ್ಲದ ಗೋಡೆ, ಈಗ ಒಂದು ನೆರಳು ಬೀಳುತ್ತದೆ. "ಅಯ್ಯೋ, ಏನದು?" ಎಂದರು. "ನನ್ನ ಮಗಳ ಸಹಿ" ಎಂದೆ.

ಇಂತಿ,
ನಿನ್ನ ಅಪ್ಪ